ಮಂಗಳವಾರ ಚೆನ್ನಾಗಿ ಕೇಳಿಸುತ್ತಿತ್ತು

ಹೋದ ವಾರ ಮನೆಯ ಇಂಟರ್‌ನೆಟ್ ಕಂಪನಿಯನ್ನು ಬದಲಾಯಿಸಿದೆವು. ಹೊಸ ರೌಟರ್ ಜೋಡಿಸಲು ಬಂದಾತ ಹಳೆಯದರ ಸೆಟ್ಟಿಂಗ್ ಪುಟ ತೆರೆದವನು ಅಲ್ಲೇ ತಡೆದ. "ಸಾರ್, ಈ ಡಿಎನ್‌ಎಸ್ ನಂಬರ್ಲು ಎವರು ಪೆಟ್ಟಾರು?" ಎಂದು ತೆಲುಗಿನಲ್ಲಿ ಕೇಳಿದ. ಈ ಅಂಕಿಗಳನ್ನು ಹಾಕಿದ್ದು ಯಾರು ಅಂತ. ನಾನೇ ಎಂದೆ. "ಮಂಚಿವೇ ಪೆಟ್ಟಾರು ಸಾರ್" ಎಂದು ಹೊಗಳಿ, ಹೊಸ ರೌಟರಿಗೂ ಅವನ್ನೇ ಬರೆದು ಹೋದ. ಯಾರಾದರೂ ನನ್ನ ಕೆಲಸ ಚೆನ್ನಾಗಿದೆ ಎಂದರೆ ಎರಡು ದಿನ ಉಬ್ಬಿಕೊಂಡು ತಿರುಗುವ ಮನುಷ್ಯ ನಾನು. ಅವತ್ತು ಮಾತ್ರ ಬಾಗಿಲು ಹಾಕಿಕೊಂಡು ಬಂದು ಬಾಲ್ಕನಿಯಲ್ಲಿ ಸುಮ್ಮನೆ ಕುಳಿತೆ. ಕೂಕಟ್‌ಪಲ್ಲಿಯ ರಸ್ತೆಯ ಮೇಲೆ ಮಳೆ ಹಿಡಿದಿತ್ತು, ಮೆಟ್ರೋ ಹೋದಾಗೊಮ್ಮೆ ನೀರು ಕೆಳಗಿನ ಆಟೋಗಳ ಮೇಲೆ ಸುರಿಯುತ್ತಿತ್ತು.

ಆ ಅಂಕಿಗಳನ್ನು ನಾನು ಆರಿಸಿದ್ದು ನನ್ನ ತಂಗಿ ಸುವರ್ಣಾಳ ಮುಖ ನೋಡಲಿಕ್ಕೆ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಒಂದು ಮಳೆಗಾಲ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಒಮ್ಮೆ ಬರೆದಿಡಬೇಕು ಅನ್ನಿಸಿದೆ.

ನಾನು ಮೂವತ್ತು ವರ್ಷದಿಂದ ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಕೊರೆದು ನಯ ಮಾಡಿದ ಉಕ್ಕಿನ ತುಂಡುಗಳು ನನ್ನ ಮೇಜಿಗೆ ಬರುತ್ತವೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ನಾನು ಅವನ್ನು ವಾಪಸು ಕಳಿಸಬೇಕು. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟಿದ್ದರು: ಅಳತೆ ಹೊಂದದಿದ್ದರೆ ಮೊದಲು ನಿನ್ನ ಉಪಕರಣವನ್ನು ಅನುಮಾನಿಸು, ತುಂಡನ್ನು ಅನುಮಾನಿಸುವುದು ಆಮೇಲೆ. ಒಂದೊಂದನ್ನೂ ಮೂರು ಸಲ ಅಳೆದು ಪುಸ್ತಕದಲ್ಲಿ ಬರೆ. ಈ ನಿಯಮ ನನಗೆ ಎಷ್ಟು ಮೈಗೂಡಿತ್ತೆಂದರೆ ಮನೆಯಲ್ಲೂ ಅದೇ ನಡೆಯುತ್ತಿತ್ತು. "ಸಾರಿನ್ಯಾಗ ಉಪ್ಪು ಕಮ್ಮಿ ಆದ್ರ ಇವರು ಮೊದಲ ಚಮಚಾ ತೊಳೀತಾರ" ಎಂದು ನನ್ನ ಹೆಂಡತಿ ಶಾಂತಾ ಬಂದವರ ಎದುರೆಲ್ಲ ಹೇಳಿ ನಗುತ್ತಿದ್ದಳು.

ಆ ವರ್ಷ ಜೂನಿನಲ್ಲಿ ಮಿರುಗದ ಮಳೆ ಶುರುವಾದ ಮೂರನೆಯ ದಿನವೇ ನಾನು ಮೆಟ್ರೋ ನಿಲ್ದಾಣದ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದವು. ಒಳಗೆ ರಾಡ್ ಹಾಕಿ, ಮೇಲೆ ಪಟ್ಟಿ ಕಟ್ಟಿ, ಮೂರು ತಿಂಗಳು ಮೆಟ್ಟಿಲು ಹತ್ತಿ ಇಳಿಯುವ ಹಾಗಿಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲದ ಹಳೇ ಕಟ್ಟಡ. ಆಸ್ಪತ್ರೆಯಿಂದ ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು ತಂದು ಕೂರಿಸಿದ ಮೇಲೆ ಹಾಸಿಗೆ, ಕಿಟಕಿ, ಲ್ಯಾಪ್‌ಟಾಪು, ಫೋನು ಇಷ್ಟೇ ನನ್ನ ಪ್ರಪಂಚವಾಯಿತು.

ಗಂಡನ ಜೊತೆ ರಾಯಚೂರಿನಲ್ಲಿದ್ದ ಸುವರ್ಣಾ ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ನಾನು ಬಿದ್ದ ಸುದ್ದಿ ತಿಳಿದರೆ ಮೊದಲ ಬಸ್ಸಿಗೇ ಓಡಿ ಬರುವವಳು ಎಂದುಕೊಂಡಿದ್ದೆ. ಬರಲಿಲ್ಲ. "ಶಾಲಿ ಈಗರ ಶುರು ಆಗೇತಿ ಅಣ್ಣಾ, ರಜಾ ಕೊಡವಲ್ಲರು. ಪಂಚಮಿಗೆ ಬರ್ತೀನಲ್ಲ" ಎಂದಳು. ನನಗೆ ಸ್ವಲ್ಪ ಬೇಜಾರಾಯಿತು. ಆದರೆ ದಿನಾ ಹನ್ನೊಂದು ಗಂಟೆಯ ಹೊತ್ತಿಗೆ ತಪ್ಪದೆ ವಿಡಿಯೋ ಕಾಲ್ ಎತ್ತುತ್ತಿದ್ದಳು. ಎತ್ತುತ್ತಿದ್ದಳು ಅಷ್ಟೇ, ಚಿತ್ರ ಬರುತ್ತಿರಲಿಲ್ಲ. ನನ್ನ ಫೋನಿನಲ್ಲಿ ಒಂದು ಕರಿ ಚೌಕ, ಅದರ ಹಿಂದಿನಿಂದ ಅವಳ ದನಿ.

"ನಿನ್ನ ಮುಖಾನ ಕಾಣವಲ್ದಲ್ಲವ್ವಾ" ಎಂದೆ ಮೊದಲ ದಿನ.

"ನೆಟ್ ಭಾಳ ಸ್ಲೋ ಐತಿ ಅಣ್ಣಾ. ಮಳಿ ಹತ್ತೇತಿ ನೋಡು. ನೀ ಮಾತ್ರ ನನಗ ಛಲೋ ಕಾಣ್ತಿ. ಗಡ್ಡ ಬೋಳಿಸ್ಕೋ, ಸನ್ಯಾಸಿ ಆದಂಗ ಆಗಿ."

ನನ್ನ ಮುಖ ಅವಳಿಗೆ ಕಾಣುತ್ತದೆ, ಅವಳದು ನನಗೆ ಕಾಣುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಈಗ ಯಾರಾದರೂ ಕೇಳಿಯಾರು. ನನಗೆ ಆವಾಗ ಹೊಳೆದದ್ದು ಒಂದೇ: ಅಳತೆ ಹೊಂದುತ್ತಿಲ್ಲ, ಉಪಕರಣವನ್ನು ಅನುಮಾನಿಸಬೇಕು.

ನಮ್ಮ ಮೇಲಿನ ಮನೆಯಲ್ಲಿ ಚೈತ್ರಾ ಎಂಬ ಮೈಸೂರಿನ ಹೆಣ್ಣುಮಗಳಿದ್ದಳು. ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ಕಾಲು ನೋಡಲು ಬಂದವಳನ್ನು ಹಿಡಿದುಕೊಂಡು ನನ್ನ ನೆಟ್ಟಿನ ಕಥೆ ಹೇಳಿದೆ. ಪುಟಗಳು ತೆರೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ ಎಂದಾಗ ಅವಳು ಡಿಎನ್‌ಎಸ್ ಎಂಬ ಮಾತು ಎತ್ತಿದಳು. ನಾವು ಒಂದು ಜಾಲತಾಣದ ಹೆಸರು ಒತ್ತಿದರೆ, ಆ ಹೆಸರಿನ ವಿಳಾಸ ಯಾವುದು ಎಂದು ನಮ್ಮ ಮನೆಯ ಪೆಟ್ಟಿಗೆ ಮೊದಲು ಒಂದು ಸರ್ವರನ್ನು ಕೇಳುತ್ತದಂತೆ. ಆ ಸರ್ವರು ಮಂದವಾಗಿದ್ದರೆ ಶುರುವೇ ತಡವಾಗುತ್ತದೆ. ಕಂಪನಿ ಕೊಟ್ಟದ್ದನ್ನು ಬಿಟ್ಟು ಬೇರೆಯದನ್ನು ನಾವೇ ಹಾಕಿಕೊಳ್ಳಬಹುದು, ಎಲ್ಲರಿಗೂ ತೆರೆದಿರುವಂಥವು ಬೇಕಾದಷ್ಟಿವೆ ಎಂದಳು.

"ಹಂಗಾದ್ರ ಎಲ್ಲಕ್ಕಿಂತ ಫಾಸ್ಟ್ ಯಾವುದು?" ಎಂದೆ. ಎಷ್ಟೋ ದಿನದ ಮೇಲೆ ಮೈಯಲ್ಲಿ ಜೀವ ಆಡಿತು.

"ಅದು ಮನೆಯಿಂದ ಮನೆಗೆ ಬೇರೆ ಇರುತ್ತೆ ಅಂಕಲ್, ಅಳೆದೇ ನೋಡ್ಬೇಕು. ಆದ್ರೆ ಒಂದು ಹೇಳ್ತೀನಿ, ಇದರಿಂದ ವಿಡಿಯೋ ಕಾಲ್ ಸರಿಹೋಗಲ್ಲ. ಕೋಠಿಯಲ್ಲಿ ಪುಸ್ತಕದಂಗಡಿ ಎಲ್ಲಿ ಅಂತ ಕೇಳಿದ್ರೆ ಒಬ್ಬ ದಾರಿ ತೋರಿಸ್ತಾನಲ್ಲ, ಇದು ಅಷ್ಟೇ. ಅವನು ಬೇಗ ಹೇಳಿದ ಅಂತ ರಸ್ತೆಯಲ್ಲಿ ಟ್ರಾಫಿಕ್ ಕಮ್ಮಿ ಆಗುತ್ತಾ?"

ಅವಳು ಹೇಳಿದ್ದರಲ್ಲಿ "ಅಳೆದೇ ನೋಡಬೇಕು" ಎಂಬ ಎರಡು ಮಾತಷ್ಟೇ ನನ್ನ ಕಿವಿಗೆ ಬಿದ್ದಿದ್ದು. ಮಿಕ್ಕದ್ದನ್ನು ಬಿಟ್ಟುಬಿಟ್ಟೆ.

ಮರುದಿನವೇ ಶಾಂತಾಳಿಂದ ಒಂದು ದಪ್ಪ ನೋಟುಪುಸ್ತಕ ತರಿಸಿ ಗೆರೆ ಹಾಕಿದೆ. ನಾಲ್ಕು ಸರ್ವರು. ಒಂದು ನಮ್ಮ ಕಂಪನಿಯದೇ. ಇನ್ನು ಮೂರು ಹೊರಗಿನವು. ಒಂದರ ವಿಳಾಸದಲ್ಲಿ ಬರೀ ಒಂದುಗಳು, ಇನ್ನೊಂದರಲ್ಲಿ ಬರೀ ಎಂಟುಗಳು, ಮತ್ತೊಂದರಲ್ಲಿ ಬರೀ ಒಂಬತ್ತುಗಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಪ್ರತಿಯೊಂದಕ್ಕೂ ಮೂರು ಮೂರು ಸಲ ಲ್ಯಾಪ್‌ಟಾಪಿನಿಂದ ಒಂದು ಹೆಸರು ಕೇಳುವುದು, ಉತ್ತರ ಎಷ್ಟು ಮಿಲಿಸೆಕೆಂಡಿಗೆ ಬಂತೆಂದು ಬರೆಯುವುದು. ಮಳೆ ಇದೆಯೋ ಇಲ್ಲವೋ ಎಂಬುದಕ್ಕೂ ಒಂದು ಕಾಲಮ್ಮು. ಕೊನೆಯ ಕಾಲಮ್ಮಿಗೆ "ಸುವರ್ಣಾ" ಎಂದು ತಲೆಬರಹ ಕೊಟ್ಟಿದ್ದೆ. ಆ ದಿನ ಅವಳ ದನಿ ಹೇಗೆ ಕೇಳಿಸಿತು, ಒಡೆಯಿತೇ, ನಡುವೆ ನಿಂತಿತೇ, ಹತ್ತಕ್ಕೆ ಎಷ್ಟು ಅಂಕ ಎಂದು ಅಲ್ಲಿ ಬರೆಯುತ್ತಿದ್ದೆ.

"ಕೆಲಸ ಇಲ್ಲದ ಬಡಿಗ ಮಗನ ಕುಂಡಿ ಕೆತ್ತಿದ್ನಂತ" ಎಂದು ಶಾಂತಾ ಗೊಣಗಿದಳು. ಸುವರ್ಣಾ ಮಾತ್ರ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವಳಿಗೇ ಅದರ ರುಚಿ ಹತ್ತಿತು. ಅಂಕಿ ನೆನಪಿರುವುದಿಲ್ಲ ಎಂದು ಸರ್ವರುಗಳಿಗೆಲ್ಲ ಹೆಸರಿಟ್ಟಳು. ಒಂದುಗಳದು ಕೋಲು ಕಾಕಾ. ಎಂಟುಗಳದು ಡುಮ್ಮಿ ಚಿಗವ್ವ. ಒಂಬತ್ತುಗಳದು ದೊಡ್ಡತಲಿ ಮಾಮಾ. ಕಂಪನಿ ಕೊಟ್ಟದ್ದು ಏನೂ ಕೆಲಸ ಮಾಡದ್ದರಿಂದ ಮನೆ ಅಳಿಯ.

"ಇವತ್ತ ಯಾರು ಫಸ್ಟ್ ಬಂದ್ರು ಅಣ್ಣಾ?"

"ಮುಂಜಾನೆ ಕೋಲು ಕಾಕಾ. ನಿನ್ನೆ ಮಧ್ಯಾಹ್ನ ಡುಮ್ಮಿ ಚಿಗವ್ವ."

"ಅಕಿಗಿ ಊಟದ ಹೊತ್ತಿಗೆ ಹುರುಪು ಬರ್ತೈತಿ. ಓದು ಓದು, ಎಲ್ಲಾ ನಂಬರ್ ಓದು."

ನಾನು ಓದುತ್ತಿದ್ದೆ. ಹನ್ನೆರಡು, ಹದಿನಾಲ್ಕು, ಹನ್ನೊಂದು, ನಲವತ್ತು. ಇಂಥ ಒಣ ಅಂಕಿಗಳನ್ನು ಯಾರಾದರೂ ಇಷ್ಟು ಸಾವಧಾನದಿಂದ ಕೇಳಿಸಿಕೊಂಡದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಹೇಗಿದ್ದೀ ಎಂದು ನಾನು ಕೇಳಿದರೆ "ಆರಾಮ ಇದೀನಿ" ಎಂದು ತಟ್ಟನೆ ಹೇಳಿ ಮತ್ತೆ ಅಂಕಿಗೇ ಎಳೆದು ತರುತ್ತಿದ್ದಳು.

ಒಂದು ವಾರ ಅಳೆದ ಮೇಲೆ ಒಂದು ತಪ್ಪು ಗೊತ್ತಾಯಿತು. ಒಂದೇ ಹೆಸರನ್ನು ಮತ್ತೆ ಮತ್ತೆ ಕೇಳಿದರೆ ಸರ್ವರು ಹೊಸದಾಗಿ ಹುಡುಕುವುದಿಲ್ಲ, ಹಿಂದೆ ಕೊಟ್ಟ ಉತ್ತರವನ್ನೇ ನೆನಪಿನಿಂದ ತೆಗೆದು ಕೊಟ್ಟುಬಿಡುತ್ತದೆ. ಅದಕ್ಕೇ ಎರಡನೆಯ, ಮೂರನೆಯ ಅಳತೆ ಅಷ್ಟು ಬೇಗ ಬರುತ್ತಿದ್ದುದು. ಆ ವಾರದ ಪುಟಗಳಿಗೆಲ್ಲ ಕಾಟು ಹೊಡೆದು, ದಿನಾ ಹೊಸ ಹೊಸ ಹೆಸರು ಕೇಳಲು ಶುರುಮಾಡಿದೆ. ಸರ್ವರಿನ ತಯಾರು ಉತ್ತರವನ್ನು ಹಿಡಿದುಹಾಕಿದೆನೆಂದು ಬಹಳ ಹೆಮ್ಮೆಪಟ್ಟುಕೊಂಡೆ. ತಂಗಿಯ "ಆರಾಮ ಇದೀನಿ" ಕೂಡ ಅಷ್ಟೇ ಬೇಗ ಬರುತ್ತಿತ್ತು. ಅದರ ಮೇಲೆ ನನಗೆ ಯಾವ ಅನುಮಾನವೂ ಬರಲಿಲ್ಲ.

ಆಷಾಢಕ್ಕೆ ಮೊದಲು ಒಂದು ಮಂಗಳವಾರ ಆಶ್ಚರ್ಯವಾಯಿತು. ಅವಳ ದನಿ ಪಕ್ಕದ ಕೋಣೆಯಲ್ಲಿ ಕುಳಿತು ಮಾತಾಡಿದಷ್ಟು ನಿಚ್ಚಳವಾಗಿ ಬಂತು. ಒಡೆಯಲಿಲ್ಲ, ನಿಲ್ಲಲಿಲ್ಲ. ಅವಳ ಹಿಂದೆ ಯಾರೋ ಹೆಣ್ಣುಮಗಳು ತೆಲುಗಿನಲ್ಲಿ ಟೋಕನ್ ನಂಬರು ಕೂಗುತ್ತಿದ್ದುದೂ ಅಕ್ಷರ ಅಕ್ಷರವಾಗಿ ಕೇಳಿಸಿತು.

"ಎಲ್ಲಿದೀ ಸುವರ್ಣಾ?"

"ಬ್ಯಾಂಕಿಗೆ ಬಂದೀನಣ್ಣಾ, ಪಗಾರದ್ದು ಏನೋ ತಪ್ಪಾಗೈತಿ. ನೀ ನಂಬರ್ ಓದು, ನಂದು ಇನ್ನಾ ಭಾಳ ಹೊತ್ತೈತಿ."

ರಾಯಚೂರಿನಲ್ಲಿ ತೆಲುಗು ಮಾತಾಡುವವರಿಗೇನು ಬರ ಎಂದುಕೊಂಡು ಓದಿದೆ. ಅವತ್ತು ಅವಳು ಎರಡು ತಾಸು ಫೋನು ಇಡಲಿಲ್ಲ. ಅಂದಿನ ಅಂಕಿ ಮುಗಿದರೆ ಹಿಂದಿನ ದಿನದ್ದು ಓದಿಸಿದಳು. ಸರ್ವರುಗಳನ್ನು ಬದಲಿಸಿ ಬದಲಿಸಿ ರೌಟರಿಗೆ ಹಾಕಿ ನೋಡುತ್ತಿದ್ದೆ, ಅವತ್ತು ಅದರಲ್ಲಿ ಇದ್ದದ್ದು ಕೋಲು ಕಾಕಾ. "ಸುವರ್ಣಾ" ಎಂಬ ಕಾಲಮ್ಮಿನಲ್ಲಿ ಹತ್ತಕ್ಕೆ ಹತ್ತು ಬರೆದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ.

ಮಾರನೆಯ ದಿನದಿಂದ ಮತ್ತೆ ಹಳೇ ರಾಗ. ದನಿ ಒಡೆಯುವುದು, ನಡುವೆ ನಿಲ್ಲುವುದು. ಮೂರು ನಾಲ್ಕು ದಿನ ಅವಳು ಐದೇ ನಿಮಿಷ ಮಾತಾಡಿ ಶಾಲೆಯ ಕೆಲಸವಿದೆ ಎಂದು ಇಟ್ಟುಬಿಟ್ಟಳು. ಮೂರು ವಾರ ಕಳೆದು ಇನ್ನೊಂದು ಮಂಗಳವಾರ ಮತ್ತೆ ಹಾಗೇ ನಿಚ್ಚಳ. ಅವತ್ತು ರೌಟರಿನಲ್ಲಿ ಇದ್ದದ್ದು ಡುಮ್ಮಿ ಚಿಗವ್ವ. ನನಗೆ ತಲೆಬಿಸಿಯಾಯಿತು. ಮತ್ತೆ ಮೂರು ವಾರಕ್ಕೆ ಮಂಗಳವಾರ, ಮತ್ತೆ ಹತ್ತಕ್ಕೆ ಹತ್ತು, ಮತ್ತೆ ಕೋಲು ಕಾಕಾ. ಪುಸ್ತಕದಲ್ಲಿ ಮೂರು ಕೆಂಪು ಸುತ್ತು, ಸರಿಯಾಗಿ ಇಪ್ಪತ್ತೊಂದು ದಿನಕ್ಕೊಂದರಂತೆ. ಅಳತೆಯವನಾದ ನನಗೆ ಆ ಲೆಕ್ಕ ಕಾಣದೆ ಇರಲಿಲ್ಲ. ರಾಯಚೂರಿನ ಟವರಿನವರು ಮೂರು ವಾರಕ್ಕೊಮ್ಮೆ ಮಂಗಳವಾರ ರಿಪೇರಿ ಮಾಡುತ್ತಾರೆ, ಅದರ ಜೊತೆ ಕೋಲು ಕಾಕಾ ಇಲ್ಲವೆ ಡುಮ್ಮಿ ಚಿಗವ್ವ ಸೇರಿದರೆ ಹೀಗಾಗುತ್ತದೆ ಎಂದು ತೀರ್ಮಾನ ಬರೆದೆ. ಆ ಪುಟ ಈಗಲೂ ಇದೆ. ಅಕ್ಷರ ಬಹಳ ಚೆನ್ನಾಗಿದೆ.

ಶಾಂತಾ ಒಂದು ದಿನ ಮಜ್ಜಿಗೆ ತಂದಿಟ್ಟು ನಿಂತಳು. "ಆಕಿ ದನಿ ಸಣ್ಣ ಆಗೇತ್ರಿ. ಮೊದಲಿನಂಗ ಇಲ್ಲ."

"ಅದು ನೆಟ್ ದನಿಯನ್ನ ಹಿಂಡಿ ಕಳಸ್ತೈತಿ. ಬ್ಯಾಂಡ್‌ವಿಡ್ತ್ ಅಂತಾರ. ನಿನಗ ತಿಳಿಯಂಗಿಲ್ಲ."

"ನೆಟ್ ಹಿಂಡಿದ್ರ ನಗೂ ಹಿಂಡಬೇಕಲ್ರಿ. ನಗು ಹಂಗ ಐತಿ. ನಕ್ಕ ಮ್ಯಾಲೆ ದಮ್ಮು ಹತ್ತತೈತಿ ಆಕಿಗಿ" ಎಂದು ಹೇಳಿ ಒಳಗೆ ಹೋದಳು.

ಚೈತ್ರಾ ಕೂಡ ಒಂದು ಭಾನುವಾರ ಕರೆಯ ನಡುವೆ ಬಂದಿದ್ದಳು. ಫೋನನ್ನು ಬಗ್ಗಿ ನೋಡಿ, ಕರೆ ಮುಗಿಯುವವರೆಗೆ ಕಾದು, ಮೆಲ್ಲಗೆ "ಅಂಕಲ್, ನೆಟ್ ಕೆಟ್ಟಿದ್ರೆ ಚಿತ್ರ ಬಂದು ಬಂದು ನಿಲ್ಲುತ್ತೆ. ಒಂದು ಸಲಾನೂ ಬರದೇ ಇರಲ್ಲ. ಅವರೇ ಆ ಕಡೆಯಿಂದ ಕ್ಯಾಮೆರಾ ಆಫ್ ಮಾಡಿದಾರೆ ಅನ್ಸುತ್ತೆ" ಎಂದಳು.

"ಆಕಿ ಯಾಕ ಆಫ್ ಮಾಡ್ತಾಳವ್ವಾ? ನನ್ನ ತಂಗಿ ಆಕಿ" ಎಂದೆ. ದನಿ ಸ್ವಲ್ಪ ಏರಿತ್ತು. ಚೈತ್ರಾ ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಯೋಚಿಸಿದರೆ ನನಗೇ ಒಳಗೆಲ್ಲೋ ಗೊತ್ತಿತ್ತು ಅನ್ನಿಸುತ್ತದೆ. ಗೊತ್ತಾಗಬಾರದೆಂದೇ ಅಷ್ಟು ಜೋರಾಗಿ ಅಳೆಯುತ್ತಿದ್ದೆನೋ ಏನೋ. ನಮ್ಮ ಅವ್ವ ಹೋದದ್ದೂ ಹಾಗೇ. ಎಲ್ಲರಿಗಿಂತ ಕೊನೆಗೆ ನನಗೆ ಹೇಳಿದ್ದರು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನಾದವನು ಹೋಗಿ ತಂಗಿಯನ್ನು ಕರೆತರಬೇಕು. ಅವ್ವ ಅಪ್ಪ ಇಲ್ಲವಾದ ಮೇಲೆ ಸುವರ್ಣಾಳಿಗೆ ತವರೆಂದರೆ ಕೂಕಟ್‌ಪಲ್ಲಿಯ ಈ ಎರಡು ಕೋಣೆಯ ಮನೆ. ಪ್ರತಿ ವರ್ಷ ನಾನು ರಾಯಚೂರಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ. ಬಂದವಳು ಶಾಂತಾಳ ಜೊತೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುವಳು. ಬಾಲ್ಕನಿಯ ಕೊಕ್ಕೆಗೆ ಹಗ್ಗ ಹಾಕಿ ಜೋಕಾಲಿ ಮಾಡಿಸಿಕೊಂಡು, ಐವತ್ತರ ಹತ್ತಿರ ಬಂದರೂ ಕೆಳಗಿನ ಮನೆಯವರು ಕೂಗುವವರೆಗೂ ಜೀಕುವಳು. ಆ ವರ್ಷ ನಾನು ಹೋಗುವ ಹಾಗಿರಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವಳೂ ಬರುವುದಿಲ್ಲ ಎಂದಳು. "ಮನಿ ಬಿಟ್ಟು ಬರಂಗಿಲ್ಲಣ್ಣಾ, ದಸರಾಕ ಬರ್ತೀನಿ."

ನನಗೆ ಸಿಟ್ಟು ಬಂತು. ಅಳುವೂ ಬಂತು. "ಬರಬ್ಯಾಡ. ಆದ್ರ ಪಂಚಮಿ ದಿನ ನಿನ್ನ ಮುಖ ನಾ ನೋಡಬೇಕು. ಏನ್ ಮಾಡ್ತೀನಿ ನೋಡು" ಎಂದೆ.

ಆ ನಾಲ್ಕು ದಿನ ಉಪಕರಣದಲ್ಲಿ ಅನುಮಾನಕ್ಕೆ ಒಂದಿಷ್ಟೂ ಜಾಗ ಬಿಡಲಿಲ್ಲ. ಕೋಲು ಕಾಕಾನನ್ನು ಮೊದಲನೆಯವನನ್ನಾಗಿ, ಡುಮ್ಮಿ ಚಿಗವ್ವನನ್ನು ಎರಡನೆಯವಳನ್ನಾಗಿ ರೌಟರಿನಲ್ಲಿ ಖಾಯಂ ಮಾಡಿದೆ. ರೌಟರನ್ನು ನನ್ನ ತಲೆದಿಂಬಿನ ಹತ್ತಿರಕ್ಕೆ ತರಿಸಿದೆ. ಸುವರ್ಣಾಳ ಫೋನಿಗೂ ಅದನ್ನೇ ಹಾಕಿಸಬೇಕೆಂದು, ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಅರ್ಧ ತಾಸು ಕೂತು ಹೇಳಿದೆ. ಅವಳು ಒಂದೊಂದಕ್ಕೂ ಹೂಂ, ಹೂಂ, ಮಾಡಿದೆ ಎಂದಳು. ಕೊನೆಗೆ ನಾನು "ಇನ್ನ ನೆಟ್ ಸ್ಲೋ ಅನ್ನೂ ಮಾತು ಉಳದಿಲ್ಲ ನೋಡವ್ವಾ" ಎಂದೆ.

"ಹೌದಣ್ಣಾ. ಉಳದಿಲ್ಲ" ಎಂದಳು.

ಪಂಚಮಿಯ ದಿನ ಮಳೆ ಬಿಟ್ಟಿತ್ತು. ಶಾಂತಾ ನಾಗಪ್ಪನಿಗೆ ಹಾಲೆರೆದು, ಉಂಡಿಯ ತಾಟು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಹನ್ನೊಂದಕ್ಕೆ ಕರೆ ಮಾಡಿದೆ. ಕರಿ ಚೌಕ ಬಂತು. ಇನ್ನೇನು ಬಾಯಿಬಿಡಬೇಕು, ಚೌಕ ಬೆಳ್ಳಗಾಯಿತು. ಚಿತ್ರ ಒಡೆಯಲಿಲ್ಲ, ನಿಲ್ಲಲಿಲ್ಲ, ಮಸುಕಾಗಲಿಲ್ಲ.

ಹಸಿರು ಸೀರೆಯ ಸೆರಗನ್ನು ಹಣೆಯವರೆಗೂ ಹೊದ್ದಿದ್ದಳು. ಆದರೂ ಸೆರಗಿನ ಕೆಳಗೆ ಕೂದಲಿಲ್ಲವೆಂದು ತಿಳಿಯುತ್ತಿತ್ತು. ಹುಬ್ಬಿರಲಿಲ್ಲ. ಗಲ್ಲದ ಎಲುಬು ಎದ್ದು ಕಾಣುತ್ತಿತ್ತು. ಮುಖದ ಬಣ್ಣ ಒಲೆಯ ಹತ್ತಿರದ ಗೋಡೆಯ ಹಾಗೆ ಕಪ್ಪಿಟ್ಟಿತ್ತು. ಅವ್ವನ ಕೊನೆಯ ತಿಂಗಳಿನ ಮುಖವನ್ನು ನೋಡಿದವನು ನಾನು, ಇನ್ನೊಬ್ಬರು ಹೇಳಬೇಕಾಗಿರಲಿಲ್ಲ.

"ಕಾಣ್ತೇನಾ ಅಣ್ಣಾ?" ಎಂದಳು ನಗುತ್ತ.

ಮೂವತ್ತು ವರ್ಷದಲ್ಲಿ ನಾನು ಒಂದು ಅಳತೆಯನ್ನೂ ಸುಳ್ಳು ಬರೆದವನಲ್ಲ. ಸಾಹೇಬರು ಬಂದು ಹೇಳಿದಾಗಲೂ ಬರೆದಿಲ್ಲ.

"ಇಲ್ಲವ್ವಾ" ಎಂದೆ. "ಕಾಣವಲ್ದು. ನೆಟ್ ಇನ್ನೂ ಹಂಗ ಐತಿ."

ಅವಳು ಇನ್ನೂ ಜೋರಾಗಿ ನಕ್ಕಳು. ನಕ್ಕ ಮೇಲೆ ಶಾಂತಾ ಹೇಳಿದ ಹಾಗೆಯೇ ದಮ್ಮು ಹತ್ತಿತು. ಈಗ ಅದು ಕಣ್ಣಿಗೂ ಕಂಡಿತು. "ನಿನಗ ಸುಳ್ಳು ಹೇಳಾಕ ಬರಂಗಿಲ್ಲ ಬಿಡು. ನಿನ್ನ ಮುಖ ನನಗ ಕಾಣ್ತೈತಿ ಅನ್ನೂದು ಮರತಿ."

ಆಮೇಲೆ ಎಲ್ಲ ಹೇಳಿದಳು. ಬೇಸಿಗೆಯಲ್ಲೇ ಗೊತ್ತಾಗಿತ್ತಂತೆ. ಅವ್ವನಿಗೆ ಬಂದ ರೋಗವೇ. ಶಾಲೆಗೆ ರಜೆ ಹಾಕಿದ್ದಳು. ನನಗೆ ಹೇಳಬೇಕೆಂದು ಹೊರಟಿದ್ದ ವಾರವೇ ನಾನು ಬಿದ್ದು ಕಾಲು ಮುರಿದುಕೊಂಡೆ. "ಹೇಳಿದ್ರ ನೀ ಮೂರು ಮಹಡಿ ಕುಂತು ತೆವಳಿಕೊಂಡರ ಇಳದು ಬರ್ತಿದ್ದಿ. ಕಾಲು ಕೂಡತಿದ್ದಿಲ್ಲ. ಪಟ್ಟಿ ಬಿಚ್ಚಿದ ಮ್ಯಾಲೆ ಹೇಳಿದ್ರಾತು ಅಂದೆ."

"ಎಲ್ಲಿ ತೋರಿಸಾಕತ್ತೀರಿ?"

"ಅಲ್ಲೇ ಅಣ್ಣಾ. ಹೈದರಾಬಾದ್‌ನಾಗ. ಮೂರು ವಾರಕ್ಕೊಮ್ಮೆ ಮಂಗಳವಾರ ಬರ್ತಿದ್ದಿವಿ. ಕತ್ತಲ್ದಾಗ ಕಾರ್ ಮಾಡ್ಕೊಂಡು ಬಂದು, ಸೂಜಿ ಹಚ್ಚಿಸ್ಕೊಂಡು, ಸಂಜಿಮುಂದ ಹೋಗೂದು."

ನಾನು ನೋಟುಪುಸ್ತಕದ ಕಡೆ ನೋಡಿದೆ. ತೆರೆದಿರಲಿಲ್ಲ, ತೆರೆಯಬೇಕಾಗಿಯೂ ಇರಲಿಲ್ಲ. ಆ ಮೂರು ದಿನ ಅವಳ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿದ್ದು ಅವಳು ನನ್ನ ಊರಿನಲ್ಲೇ ಇದ್ದದ್ದಕ್ಕೆ. ನನ್ನ ಮನೆಯಿಂದ ಆಟೋದಲ್ಲಿ ಮುಕ್ಕಾಲು ತಾಸಿನ ದಾರಿ. ಅಳತೆ ಸರಿಯಾಗಿಯೇ ಇತ್ತು. ತಂಗಿ ಹತ್ತಿರ ಬಂದಿದ್ದಾಳೆ ಎಂದು ಅದು ಮೂರು ಸಲ ಹೇಳಿತ್ತು. ನಾನು ಕೆಂಪು ಶಾಯಿಯ ಸುತ್ತು ಹಾಕಿ, ಟವರಿನ ಮೇಲೆ, ಸರ್ವರಿನ ಮೇಲೆ ಬರೆದು ಮುಗಿಸಿದ್ದೆ. ಅವಳು ಬಾಟಲಿ ನೇತುಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಇಲ್ಲಿ ಕೋಲು ಕಾಕಾ ಗೆದ್ದನೆಂದು ಖುಷಿಪಡುತ್ತಿದ್ದೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಮರುದಿನವೇ ಡಾಕ್ಟರ ಮಾತು ಮೀರಿ, ಶಾಂತಾಳ ಹೆಗಲು ಹಿಡಿದು ಮೂರು ಮಹಡಿ ಇಳಿದು ರಾಯಚೂರಿಗೆ ಹೋದೆವು. ಅವಳನ್ನು, ಅವಳ ಗಂಡನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆವು. ನಾಲ್ಕನೆಯ ಮಂಗಳವಾರ ಆಸ್ಪತ್ರೆಯಲ್ಲಿ ನಾನೇ ಅವಳ ಪಕ್ಕದಲ್ಲಿ ಕುಳಿತೆ. ಐದನೆಯದು ಬರಲಿಲ್ಲ. ದಸರೆಗೆ ಇನ್ನೂ ಹದಿನೈದು ದಿನ ಇತ್ತು. ಮೆಟ್ಟಿಲು ಇಳಿದದ್ದಕ್ಕೆ ನನ್ನ ಕಾಲು ಸ್ವಲ್ಪ ಸೊಟ್ಟಗೆ ಕೂಡಿದೆ, ಈಗಲೂ ಕುಂಟುತ್ತೇನೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಆ ಪಂಚಮಿಯ ಕರೆಯಲ್ಲಿ ಕೊನೆಗೆ ನಡೆದದ್ದನ್ನು ಮಾತ್ರ ಬಿಟ್ಟಿದ್ದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು "ನೋಡಿದ್ಯಲ್ಲ ಅಣ್ಣಾ. ಬಂದ್ ಮಾಡ್ಲೇನು ಕ್ಯಾಮೆರಾ?" ಎಂದು ಕೇಳಿದಳು. ಸಣ್ಣವಳಿದ್ದಾಗ ತಪ್ಪು ಮಾಡಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಂಥ ದನಿ.

"ಬ್ಯಾಡ. ಇರಲಿ" ಎಂದೆ.

"ನೋಡಾಕ ಛಂದಿಲ್ಲ."

"ಇರಲಿ ಸುವರ್ಣಾ."

ನನಗೆ ಏನು ಕೇಳಬೇಕೆಂದು ತಿಳಿಯಲಿಲ್ಲ. ನೋವು ಎಷ್ಟಿದೆ, ಡಾಕ್ಟರು ಏನೆಂದರು, ಇಂಥದ್ದೇ ಬಾಯಿಗೆ ಬಂತು. ಅವಳು ಕೈ ಎತ್ತಿ ತಡೆದಳು. ಆ ಕೈಯಲ್ಲಿ ಬಳೆಗಳು ಮೊಣಕೈವರೆಗೂ ಜಾರಿ ಹೋದವು.

"ಬರೋ ಮಂದಿ ಎಲ್ಲಾರೂ ಅದನ್ನ ಕೇಳ್ತಾರಣ್ಣಾ. ಮನಿಯಾಗೂ ಅದ, ಆಸ್ಪತ್ರ್ಯಾಗೂ ಅದ. ನೀ ಒಬ್ಬಾವ ಬ್ಯಾರೆ ಮಾತು ಆಡ್ತಿದ್ದಿ. ಸೂಜಿ ಚುಚ್ಚಿದ ಕೂಡಲೆ ನಿಂದು ಫೋನ್ ಎತ್ತಿ ಕುಂದರ್ತಿದ್ದೆ. ನಿನ್ನ ಮುಖ ನೋಡ್ಕೋತ ನಂಬರ್ ಕೇಳ್ತಿದ್ದೆ. ಬಾಟ್ಲಿ ಖಾಲಿ ಆಗೂ ಮಟ ಓದ್ತಿದ್ದಿ ನೀ. ಆ ಹೊತ್ತು ಸರದು ಹೋಗ್ತಿತ್ತು."

ನಾನು ಮುಖ ಒರೆಸಿಕೊಂಡೆ. ಅವಳಿಗೆ ಕಾಣುತ್ತದೆಂದು ಗೊತ್ತಿದ್ದೇ ಒರೆಸಿಕೊಂಡೆ.

"ಇವತ್ತಿಂದು ಅಳದಿಲ್ಲೇನು?" ಎಂದಳು.

"ಇಲ್ಲವ್ವಾ. ಹಬ್ಬ ಅಲ್ಲಾ."

"ಹಂಗಾರ ನಿನ್ನೇದು ಓದು."

ನೋಟುಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವಳು ಫೋನನ್ನು ಏನಕ್ಕೋ ಆನಿಸಿ ನಿಲ್ಲಿಸಿ, ದಿಂಬಿಗೆ ಒರಗಿದಳು. ಸೆರಗು ತಲೆಯಿಂದ ಜಾರಿತು. ಎಳೆದುಕೊಳ್ಳಲಿಲ್ಲ. ನಾನು ಓದಲು ಶುರು ಮಾಡಿದೆ. ಹದಿಮೂರು, ಹನ್ನೆರಡು, ಹದಿನೈದು, ಮೂವತ್ತೆಂಟು. ಒಂದೊಂದು ಸಾಲು ಮುಗಿದಾಗಲೂ ತಲೆ ಎತ್ತಿ ಅವಳನ್ನು ನೋಡಿದೆ. ಎರಡನೆಯ ಪುಟಕ್ಕೆ ಬರುವಾಗ ಅವಳಿಗೆ ನಿದ್ದೆ ಹತ್ತಿತ್ತು. ಅವಳ ಎದೆ ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಓದುವುದನ್ನು ನಿಲ್ಲಿಸಿದರೆ ಎಚ್ಚರವಾದೀತೆಂದು ಹೆದರಿ, ಸಣ್ಣ ದನಿಯಲ್ಲಿ ಮೂರನೆಯ ಪುಟ ತಿರುಗಿಸಿದೆ.